ಶ್ಟುಬಾಯ್ ಕಣಿವೆಯ ರೈಲು ಮತ್ತು 42.5 ಹರ್ಟ್ಸ್‌ನ ಸಮಸ್ಯೆ: ಅಧ್ಯಯನ ಟಿಪ್ಪಣಿ

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ, ಇನ್ಸ್‌ಬ್ರುಕ್ ನಗರದಿಂದ ಶ್ಟುಬಾಯ್ ಕಣಿವೆಯ ಫುಲ್ಪ್‌ಮೆಸ್ ಊರಿಗೆ ಹೋಗುವ ಸುಮಾರು 18 ಕಿ.ಮೀ. ಉದ್ದದ ಮೀಟರ್ ಗೇಜ್ ರೈಲು ಮಾರ್ಗವು 1904ರ ಬೇಸಿಗೆಯಲ್ಲಿ ಸಂಚಾರಕ್ಕೆ ತೆರೆಯಿತು. ಇದನ್ನು ಕಟ್ಟಿಸಿದವರು ಎಂಜಿನಿಯರ್ ಯೋಸೆಫ್ ರೀಲ್. ಫುಲ್ಪ್‌ಮೆಸ್ ಕಬ್ಬಿಣದ ಉಪಕರಣಗಳಿಗೆ ಹೆಸರಾದ ಕಮ್ಮಾರರ ಊರು. ನಾಟರ್ಸ್, ಮುಟ್ಟರ್ಸ್, ಕ್ರೈತ್, ಟೆಲ್ಫೆಸ್ ಊರುಗಳನ್ನು ದಾಟುತ್ತ ಮಾರ್ಗವು 1000 ಮೀಟರ್ ಎತ್ತರದವರೆಗೆ ಏರಿ, ಅನಂತರ ಸ್ವಲ್ಪ ಇಳಿದು ಫುಲ್ಪ್‌ಮೆಸ್ ಸೇರುತ್ತದೆ.

ಈ ಮಾರ್ಗವನ್ನು ‘ಪರ್ಯಾಯ ವಿದ್ಯುತ್ತಿನ ಮೊದಲ ರೈಲು’ ಎಂದು ಕರೆಯುವುದುಂಟು. ಪರ್ಯಾಯ ವಿದ್ಯುತ್ತು (ಎ.ಸಿ.) ಎಂದರೆ ಹರಿಯುವ ದಿಕ್ಕನ್ನು ಮತ್ತೆ ಮತ್ತೆ ಬದಲಿಸುವ ವಿದ್ಯುತ್ತು. ಆ ಮಾತು ಹಾಗೆಯೇ ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನ ಬುರ್ಗ್‌ಡೋರ್ಫ್–ಥೂನ್ ಮಾರ್ಗ 1899ರಲ್ಲಿಯೂ ಇಟಲಿಯ ವಾಲ್ಟೆಲ್ಲಿನಾ ಮಾರ್ಗ 1902ರಲ್ಲಿಯೂ ಪರ್ಯಾಯ ವಿದ್ಯುತ್ತಿನಿಂದಲೇ ಓಡುತ್ತಿದ್ದವು. ಆದರೆ ಅವು ತ್ರೀ ಫೇಸ್ (ಒಂದರ ಹಿಂದೊಂದು ಏರಿಳಿಯುವ ಮೂರು ಪ್ರವಾಹಗಳ) ಮಾರ್ಗಗಳಾದ್ದರಿಂದ ಹಳಿಯ ಮೇಲೆ ಎರಡು ತಂತಿಗಳನ್ನು ಎಳೆಯಬೇಕಾಗಿತ್ತು. ಶ್ಟುಬಾಯ್‌ನದು ಸಿಂಗಲ್ ಫೇಸ್, ಒಂದೇ ತಂತಿ. ನಿತ್ಯದ ಸಾರ್ವಜನಿಕ ಸಂಚಾರಕ್ಕೆ ಸಿಂಗಲ್ ಫೇಸ್ ಬಳಸಿದ ಮೊದಮೊದಲ ಮಾರ್ಗಗಳಲ್ಲಿ ಇದು ಒಂದು ಎಂದು ಬರೆದುಕೊಂಡರೆ ಸರಿಯಾಗುತ್ತದೆ.

ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತನ್ನು (ಡಿ.ಸಿ.) ಬಿಟ್ಟದ್ದೇಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 60 ಕಿಲೋವ್ಯಾಟ್ ಸಾಮರ್ಥ್ಯವನ್ನು ನೇರ ವಿದ್ಯುತ್ತಿನ ಟ್ರಾಮ್‌ಗಳಲ್ಲಿ ರೂಢಿಯಾಗಿದ್ದ 600 ವೋಲ್ಟಿನಲ್ಲಿ ಕಳುಹಿಸಲು 100 ಆಂಪಿಯರ್ ಬೇಕು. ಈ ಮಾರ್ಗದ 2500 ವೋಲ್ಟಿನಲ್ಲಿ 24 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಸುಮಾರು 17ನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನು ನಾನು ಎರಡು ದಿನ ಸಿಕ್ಕಿಕೊಂಡಿದ್ದ ಜಾಗಕ್ಕೆ ಬರುತ್ತೇನೆ. ತಂತಿಯಲ್ಲಿದ್ದ ವಿದ್ಯುತ್ತಿನ ಆವೃತ್ತಿ 42.5 ಹರ್ಟ್ಸ್, ಅಂದರೆ ಪ್ರವಾಹವು ಸೆಕೆಂಡಿಗೆ 85 ಸಲ ದಿಕ್ಕು ಬದಲಿಸುತ್ತದೆ. ಹಾಗಿದ್ದರೆ ಮೋಟಾರು ಹಿಂದೆ ಮುಂದೆ ನಡುಗದೆ ಒಂದೇ ಕಡೆಗೆ ತಿರುಗುವುದು ಹೇಗೆ? ಫ್ಲೆಮಿಂಗ್‌ನ ಎಡಗೈ ನಿಯಮವನ್ನು ನೆನೆದರೆ ಉತ್ತರ ಸಿಗುತ್ತದೆ. ಇದರಲ್ಲಿ ಎಡಗೈಯ ತೋರುಬೆರಳು ಕಾಂತಕ್ಷೇತ್ರದ, ನಡುಬೆರಳು ಪ್ರವಾಹದ, ಹೆಬ್ಬೆರಳು ಬಲದ ದಿಕ್ಕು. ತೋರುಬೆರಳನ್ನು ಮಾತ್ರ ತಿರುಗಿಸಿದರೆ ಹೆಬ್ಬೆರಳು ತೋರುವ ಬಲದ ದಿಕ್ಕು ಬದಲಾಗುತ್ತದೆ; ತೋರುಬೆರಳು ಮತ್ತು ನಡುಬೆರಳು ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಹೆಬ್ಬೆರಳು ಇದ್ದಲ್ಲಿಯೇ ಇರುತ್ತದೆ. ಕಾಂತಕ್ಷೇತ್ರದ ಸುರುಳಿಯನ್ನೂ ಆರ್ಮೇಚರನ್ನೂ (ಮೋಟಾರಿನ ತಿರುಗುವ ಸುರುಳಿಗಳ ಭಾಗ) ಸರಣಿಯಲ್ಲಿ ಜೋಡಿಸಿದಾಗ ಎರಡರಲ್ಲಿಯೂ ಪ್ರವಾಹವು ಒಂದೇ ಕ್ಷಣದಲ್ಲಿ ತಿರುಗುವುದರಿಂದ ಬಲವು ಸೊನ್ನೆಗೆ ಇಳಿದು ಮತ್ತೆ ಏರಬಹುದೇ ಹೊರತು ಎಂದಿಗೂ ಋಣವಾಗುವುದಿಲ್ಲ.

ಇಷ್ಟು ಅರ್ಥವಾದ ಮೇಲೆ, ಆವೃತ್ತಿ ಎಷ್ಟಿದ್ದರೇನು ಎಂದು ನಾನು ತೀರ್ಮಾನಿಸಿದ್ದೆ. ನಿಜವಾದ ತಪ್ಪು ಅದೇ. ಆರ್ಮೇಚರಿನ ಸುರುಳಿಗಳ ತುದಿಗಳು ದಿಕ್ಪರಿವರ್ತಕ (ಕಮ್ಯುಟೇಟರ್) ಎಂಬ ತಿರುಗುವ ಉರುಳೆಯ ಲೋಹದ ಪಟ್ಟಿಗಳಿಗೆ ಸೇರಿರುತ್ತವೆ. ಅದರ ಮೇಲೆ ಜಾರುತ್ತ ಪ್ರವಾಹ ತಲುಪಿಸುವ ಕುಂಚವು (ಬ್ರಷ್) ಒಂದು ಪಟ್ಟಿಯಿಂದ ಮುಂದಿನದಕ್ಕೆ ದಾಟುವಾಗ ಕ್ಷಣಕಾಲ ಎರಡನ್ನೂ ಮುಟ್ಟಿರುತ್ತದೆ. ಆಗ ಆ ಎರಡು ಪಟ್ಟಿಗಳ ನಡುವಿನ ಸುರುಳಿಯ ತುದಿಗಳು ಕುಂಚದ ಮೂಲಕವೇ ಕೂಡಿಕೊಂಡು ಶಾರ್ಟ್ ಆಗುತ್ತವೆ. ನೇರ ವಿದ್ಯುತ್ತಿನ ಮೋಟಾರಿನಲ್ಲಿ ಮುಖ್ಯ ಕಾಂತಕ್ಷೇತ್ರವು ಸ್ಥಿರವಾಗಿರುತ್ತದೆ. ಪರ್ಯಾಯ ವಿದ್ಯುತ್ತಿನಲ್ಲಿಯಾದರೋ ಕ್ಷೇತ್ರವು ಸದಾ ಏರಿಳಿಯುತ್ತಿರುವುದರಿಂದ, ಶಾರ್ಟ್ ಆದ ಆ ಸುರುಳಿಯು ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯಂತೆ ವರ್ತಿಸುತ್ತದೆ. ಅದರಲ್ಲಿ ಪ್ರೇರಿತವಾಗುವ ವೋಲ್ಟೇಜು ಕುಂಚದ ಮೂಲಕ ದೊಡ್ಡ ಪ್ರವಾಹವನ್ನು ಹರಿಸುತ್ತದೆ, ಕುಂಚ ಮುಂದೆ ಸರಿದು ಆ ಪ್ರವಾಹ ಕಡಿದಾಗ ಕಿಡಿ ಹಾರುತ್ತದೆ, ಪಟ್ಟಿಗಳು ಸುಡುತ್ತವೆ. ಮೋಟಾರು ನಿಂತಲ್ಲಿಯೇ ಇದ್ದಾಗಲೂ ಈ ವೋಲ್ಟೇಜು ಇರುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಅದು ಹುಟ್ಟುವುದು ಚಲನೆಯಿಂದಲ್ಲ, ಕ್ಷೇತ್ರದ ಬದಲಾವಣೆಯಿಂದ.

ಈ ವೋಲ್ಟೇಜು ಆವೃತ್ತಿಗೆ ನೇರ ಅನುಪಾತದಲ್ಲಿರುತ್ತದೆ. ಒಂದು ಸುರುಳಿಯಲ್ಲಿ 16⅔ ಹರ್ಟ್ಸ್‌ಗೆ 4 ವೋಲ್ಟ್ ಹುಟ್ಟುತ್ತದೆ ಎಂದು ಇಟ್ಟುಕೊಂಡರೆ, ಅದೇ ಸುರುಳಿ, ಅದೇ ಕಾಂತಕ್ಷೇತ್ರಕ್ಕೆ 42.5 ಹರ್ಟ್ಸ್‌ನಲ್ಲಿ 10.2 ವೋಲ್ಟ್ ಹುಟ್ಟುತ್ತದೆ. ಬವೇರಿಯಾದ ಮುರ್ನೌ–ಓಬರ್‌ಅಮ್ಮರ್‌ಗೌ ಮಾರ್ಗವು 1905ರಲ್ಲಿ ಸುಮಾರು 16 ಹರ್ಟ್ಸ್ ಆರಿಸಿಕೊಂಡದ್ದೂ, ಪ್ರಶ್ಯಾ, ಬವೇರಿಯಾ ಮತ್ತು ಬಾಡೆನ್ ರೈಲ್ವೆಗಳು 1912ರಲ್ಲಿ 15,000 ವೋಲ್ಟ್, 16⅔ ಹರ್ಟ್ಸ್‌ಗೆ ಒಪ್ಪಿದ್ದೂ ಏಕೆಂಬುದು ಇದರಿಂದ ನನಗೆ ಸ್ಪಷ್ಟವಾಯಿತು.

ಶ್ಟುಬಾಯ್‌ನಲ್ಲಿ ಈ ಕಷ್ಟವನ್ನು ಎದುರಿಸಿದ್ದು ಎ.ಇ.ಜಿ. ಕಂಪನಿಯ ವಿಂಟರ್–ಐಷ್‌ಬೆರ್ಗ್ ಮೋಟಾರಿನಿಂದ. ಇದರಲ್ಲಿ ಒಂದು ಜೊತೆ ಕುಂಚಗಳನ್ನು ಬೇಕೆಂದೇ ಪರಸ್ಪರ ಕೂಡಿಸಿ, ಆರ್ಮೇಚರಿನ ಮುಖ್ಯ ಪ್ರವಾಹವನ್ನು ಪ್ರೇರಣೆಯಿಂದಲೇ ಪಡೆಯುತ್ತಾರೆ. ಇನ್ನೊಂದು ಜೊತೆ ಕುಂಚಗಳ ಮೂಲಕ ಕಾಂತಕ್ಷೇತ್ರಕ್ಕೆ ಬೇಕಾದ ಪ್ರವಾಹ ಬರುತ್ತದೆ. ವೇಗ ಹೆಚ್ಚಿದಂತೆ ಚಲನೆಯಿಂದ ಹುಟ್ಟುವ ವೋಲ್ಟೇಜು ಆ ತೊಂದರೆಯ ವೋಲ್ಟೇಜನ್ನು ಬಹುಪಾಲು ಅಳಿಸುತ್ತದೆ. ಹೊರಡುವ ಗಳಿಗೆಯಲ್ಲಿ ಮಾತ್ರ ಅಳಿಸಲು ಏನೂ ಇರುವುದಿಲ್ಲ. 1000ಕ್ಕೆ 46ರಷ್ಟು ಏರಿರುವ ಮಾರ್ಗದಲ್ಲಿ ಹೊರಡುವುದೇ ಅತಿ ಕಠಿಣ ಕೆಲಸ. ಸಾಲದ್ದಕ್ಕೆ ಮುಂದೆ ಮಾರ್ಗವನ್ನು 3000 ವೋಲ್ಟ್, 50 ಹರ್ಟ್ಸ್‌ಗೆ ಬದಲಿಸಿದರು. ಆದರೂ 1904ರ ಬೋಗಿಗಳು 1983ರವರೆಗೆ ದುಡಿದವು ಎಂಬುದನ್ನು ಓದಿದಾಗ ಅವುಗಳನ್ನು ನೋಡಿಕೊಂಡ ಕಾರ್ಯಾಗಾರದವರ ಬಗ್ಗೆ ನನಗೆ ಬಹಳ ಗೌರವ ಮೂಡಿತು.

1983ರಲ್ಲಿ ಮಾರ್ಗವನ್ನು ನಗರದ ಟ್ರಾಮ್ ಜಾಲದ ನೇರ ವಿದ್ಯುತ್ತಿಗೆ ಪರಿವರ್ತಿಸಲಾಯಿತು. ಅಲ್ಲಿಯವರೆಗೆ ನಗರದ ದಕ್ಷಿಣದಂಚಿನ ನಿಲ್ದಾಣದಲ್ಲಿಯೇ ನಿಲ್ಲುತ್ತಿದ್ದ ಕಣಿವೆಯ ಗಾಡಿಯು ಆಮೇಲೆ ಟ್ರಾಮಿನ ಹಳಿಗಳ ಮೇಲೆ ಇನ್ಸ್‌ಬ್ರುಕ್‌ನ ಮುಖ್ಯ ರೈಲು ನಿಲ್ದಾಣದವರೆಗೂ ಹೋಗತೊಡಗಿತು. ಆ ಹಳೆಯ ನಿಲ್ದಾಣದಲ್ಲಿ ಈಗ ಟಿರೋಲ್‌ನ ಸ್ಥಳೀಯ ರೈಲುಗಳ ವಸ್ತುಸಂಗ್ರಹಾಲಯವಿದೆ.