ಬೇರೆ ಧರ್ಮದ ಗೆಳೆಯರಿದ್ದರೆ ಬೇರೆ ಧರ್ಮದ ಮದುವೆಗೂ ಒಪ್ಪುತ್ತಾರಾ?

ಪ್ರಶ್ನೆ: ಯುರೋಪಿಗೆ ವಲಸೆ ಹೋದ ಮುಸ್ಲಿಮರು ಅಲ್ಲಿನವರ ಜೊತೆ ಬೆರೆತಷ್ಟೂ ಅಂತರಧರ್ಮೀಯ ಮದುವೆಗೆ ಅವರ ವಿರೋಧ ಕಡಿಮೆಯಾಗುತ್ತದಾ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಎಷ್ಟು ಜನ ಗೆಳೆಯರು ಅನ್ನುವುದಕ್ಕಿಂತ, ಮದುವೆ ಮಾತು ಬಂದಾಗ ಯಾರ ಮಾತು ನಡೆಯುತ್ತದೆ ಅನ್ನುವುದು ಮುಖ್ಯ. ಕೆಲಸದ ಜಾಗದಲ್ಲಿ ಜೊತೆಗೆ ಕಾಫಿ ಕುಡಿಯುವವನು ನಿಮ್ಮ ಮಗಳ ಮದುವೆಯಲ್ಲಿ ಬಾಯಿ ಹಾಕುವುದಿಲ್ಲ. ಚಿಕ್ಕಪ್ಪ ಹಾಕುತ್ತಾನೆ, ಊರಲ್ಲಿರುವ ಸೋದರತ್ತೆ ಇನ್ನೂ ಜಾಸ್ತಿ.

ಬೆಲ್ಜಿಯಂನ ಟರ್ಕಿಯವರನ್ನೇ ನೋಡಿ. 1964ರಲ್ಲಿ ಬೆಲ್ಜಿಯಂ, ಟರ್ಕಿ ಮತ್ತು ಮೊರಾಕೊ ಎರಡರ ಜೊತೆಗೂ ಒಪ್ಪಂದ ಮಾಡಿಕೊಂಡು ಕೆಲಸದವರನ್ನು ಕರೆಸಿಕೊಂಡಿತು. ಒಬ್ಬ ಹೋದ, ತಮ್ಮನನ್ನು ಕರೆಸಿದ, ಅವನು ಭಾವನನ್ನು ಕರೆಸಿದ. ಹೀಗೆ ಟರ್ಕಿಯ ಎಮಿರ್ದಾಗ್ ಅನ್ನುವ ಒಂದೇ ಸೀಮೆಯ ಸಾವಿರಾರು ಜನ ಬ್ರಸೆಲ್ಸ್‌ನ ಸ್ಕಾರ್‌ಬೇಕ್‌ನಲ್ಲಿ, ಗೆಂಟ್ ನಗರದಲ್ಲಿ ಅಕ್ಕಪಕ್ಕ ನೆಲೆಸಿದರು. 1974ರಲ್ಲಿ ಹೊಸ ಕೆಲಸಗಾರರಿಗೆ ಬಾಗಿಲು ಮುಚ್ಚಿತು. ಆಮೇಲೆ ಊರಿನವರಿಗೆ ಒಳಗೆ ಬರಲು ಉಳಿದ ದೊಡ್ಡ ದಾರಿ ಮದುವೆ. ಬೆಲ್ಜಿಯಂನಲ್ಲಿ ಹುಟ್ಟಿ ಬೆಳೆದ ಹುಡುಗಿ ಊರಿನ ಸಂಬಂಧಿಕರ ಹುಡುಗನಿಗೆ ಹೂಂ ಅಂದರೆ ಅವರ ಮನೆಗೊಂದು ಯುರೋಪಿನ ದಾರಿ ಸಿಕ್ಕಿತು, ಉಹುಂ ಅಂದರೆ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮ ಎಲ್ಲರಿಗೂ ಉತ್ತರ ಕೊಡಬೇಕು. ಇಂಥ ಕಡೆ ಬೆಲ್ಜಿಯಂನ ಗೆಳತಿಯರು ಎಷ್ಟಿದ್ದರೇನು? ಇದನ್ನೆಲ್ಲ ಸುಮ್ನೆ ಧರ್ಮದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಧರ್ಮದ ಪಾಲು ಇಲ್ಲವೇ ಇಲ್ಲ ಅಂತಲ್ಲ. ಸಾಂಪ್ರದಾಯಿಕ ನಿಯಮದ ಪ್ರಕಾರ ಮುಸ್ಲಿಂ ಗಂಡಸು ಕ್ರೈಸ್ತ ಅಥವಾ ಯಹೂದಿ ಹೆಂಗಸನ್ನು ಮದುವೆಯಾಗಬಹುದು, ಮುಸ್ಲಿಂ ಹೆಂಗಸು ಮುಸ್ಲಿಮನಲ್ಲದವನನ್ನು ಮದುವೆಯಾಗುವಂತಿಲ್ಲ. ಹಾಗಾಗಿ ಮಗನ ವಿಷಯದಲ್ಲಿ ಗೊಣಗಿ ಒಪ್ಪುವ ಮನೆಯೇ ಮಗಳ ವಿಷಯದಲ್ಲಿ ಬಿಗಿಯಾಗುತ್ತದೆ. ಮುಸ್ಲಿಮರೇ ಹೆಚ್ಚಿರುವ ಟುನೀಶಿಯಾ ದೇಶ, ಮುಸ್ಲಿಂ ಹೆಂಗಸು ಮುಸ್ಲಿಮನಲ್ಲದವನನ್ನು ಮದುವೆಯಾಗುವುದನ್ನು ತಡೆಯುತ್ತಿದ್ದ 1973ರ ಸುತ್ತೋಲೆಯನ್ನು 2017ರಲ್ಲಿ ರದ್ದು ಮಾಡಿತು. ಕಾನೂನು ಬದಲಾಯಿತು ಅಂತ ಪ್ಯಾರಿಸ್‌ನಲ್ಲಿರುವ ಟುನೀಶಿಯಾದ ಅಜ್ಜಿಯ ಮನಸ್ಸು ಮಾರನೇ ದಿನವೇ ಬದಲಾಗುತ್ತದಾ?

ಇನ್ನು ಗೆಳೆತನದಿಂದ ಮನಸ್ಸು ಸಡಿಲವಾಯಿತೋ, ಮೊದಲೇ ಸಡಿಲವಿದ್ದವರು ಗೆಳೆತನ ಮಾಡಿಕೊಂಡರೋ? ಎರಡೂ ನಡೆಯುತ್ತವೆ, ಬಿಡಿಸಿ ಹೇಳುವುದು ಕಷ್ಟ. ಬೋಸ್ನಿಯಾದ ಮುಸ್ಲಿಮರಲ್ಲಿ, ಅದರಲ್ಲೂ ಸರಾಯೆವೊದಂಥ ಪೇಟೆಯವರಲ್ಲಿ, ಆ ನಾಡು ಯುಗೊಸ್ಲಾವಿಯಾ ದೇಶದ ಭಾಗವಾಗಿದ್ದ ಕಾಲದಲ್ಲೇ ಮಿಶ್ರ ಮದುವೆ ಅಪರೂಪವಾಗಿರಲಿಲ್ಲ. ಅಂಥವರಿಗೆ ಇದನ್ನು ಜರ್ಮನಿಗೆ ಬಂದು ಕಲಿಯಬೇಕಾದ ಅಗತ್ಯವೇ ಇರಲಿಲ್ಲ. ಮತ್ತೆ, ಬೇಡ ಅನ್ನುವವರು ಒಂದೇ ಕಡೆ ಇರುತ್ತಾರಾ? ಮೊರಾಕೊದ ಅಳಿಯ ಅಂದರೆ ಮುಖ ಸಿಂಡರಿಸುವ ಬಿಳಿಯರ ಮನೆಗಳೂ ಅಲ್ಲಿ ಕಡಿಮೆ ಏನಿಲ್ಲ.