ಫೈಲ್‌ಜಿಲ್ಲಾದಲ್ಲಿ ಕಮಾಂಡ್ ಹಾಕಿದರೆ 500 ಯಾಕೆ ಬರುತ್ತದೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಅಂಗಡಿ. ವೆಬ್‌ಸೈಟ್ ನಾನೇ ನೋಡಿಕೊಳ್ಳುತ್ತೇನೆ. ಅದಕ್ಕೆ ಫೈಲ್ ಕಳಿಸುವುದು ಫೈಲ್‌ಜಿಲ್ಲಾ ಎಂಬ ಪ್ರೋಗ್ರಾಮಿನಲ್ಲಿ. ಹೊಸ ಫೋಟೊ ಹಾಕಿದರೆ 403, ಅಂದರೆ ‘ನೋಡಲು ಅನುಮತಿ ಇಲ್ಲ’ ಅಂತ ಬರುತ್ತದೆ. ಫೈಲ್‌ಜಿಲ್ಲಾದ ಸರ್ವರ್ ಮೆನುವಿನಲ್ಲಿ ಕಮಾಂಡ್ ಬರೆಯುವ ಜಾಗ ಇದೆಯಲ್ವಾ, ಫೋಟೊ ಎಲ್ಲರಿಗೂ ಕಾಣುವಂತೆ ಅನುಮತಿ ಕೊಡಲು ಅಲ್ಲಿ ‘ಸಿಎಚ್‌ಮಾಡ್ 644’ ಹಾಕಿದೆ. ‘ಎಲ್‌ಎಸ್’ (ಫೈಲುಗಳ ಪಟ್ಟಿ ತೋರಿಸುವ ಕಮಾಂಡ್) ಕೂಡ ಹಾಕಿದೆ. ಎರಡಕ್ಕೂ 500. ಏನು ತಪ್ಪಾಗಿದೆ?

ಉತ್ತರ: ನೀವು ಆಡಿದ್ದು ಲಿನಕ್ಸ್ ಮಾತು, ಆ ಕಡೆ ಕೂತಿರುವ ಸರ್ವರಿಗೆ (ನಿಮ್ಮ ಸೈಟ್ ಇರುವ ಕಂಪ್ಯೂಟರ್) ಗೊತ್ತಿರುವುದು ಫೈಲ್ ಸಾಗಿಸುವ ಎಫ್‌ಟಿಪಿ ಮಾತು. ನಮ್ಮೂರಲ್ಲಿ ತೆಲುಗು ಗಿರಾಕಿ ಬಂದರೆ ಅಂಗಡಿ ಹುಡುಗ ನಡುವೆ ನಿಂತು ವ್ಯಾಪಾರ ಮಾಡಿಸುತ್ತಾನಲ್ಲ, ಫೈಲ್‌ಜಿಲ್ಲಾ ಮಾಡುವುದೂ ಅದೇ ಕೆಲಸ. ನೀವು ಮೌಸ್ ಒತ್ತುತ್ತೀರಿ, ಅದು ಸರ್ವರ್ ಮಾತಿಗೆ ತಿರುಗಿಸಿ ಕಳಿಸುತ್ತದೆ. ಈ ಕಮಾಂಡ್ ಪೆಟ್ಟಿಗೆಯಲ್ಲಿ ಮಾತ್ರ ಹುಡುಗ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ನೀವು ಬರೆದದ್ದು ಹಾಗೇ ಹೋಗುತ್ತದೆ. 500 ಅಂದರೆ ‘ಈ ಕಮಾಂಡ್ ನನಗೆ ಗೊತ್ತಾಗಲಿಲ್ಲ’ ಅಂತ. 1985ರ ಎಫ್‌ಟಿಪಿ ನಿಯಮದಿಂದಲೂ ಅದರ ಅರ್ಥ ಅದೇ.

ಸಿಎಚ್‌ಮಾಡ್ ಆ ನಿಯಮದಲ್ಲೇ ಇಲ್ಲ. ಅದನ್ನು ‘ಸೈಟ್’ ಎಂಬ ಕಮಾಂಡಿನ ಬೆನ್ನಿಗೆ ಕಟ್ಟಿ ಕಳಿಸಬೇಕು: ‘ಸೈಟ್ ಸಿಎಚ್‌ಮಾಡ್ 644’, ಆಮೇಲೆ ಫೈಲಿನ ಪೂರ್ತಿ ದಾರಿ. (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ: SITE CHMOD 644!) 200 ಬಂದರೆ ಕೆಲಸ ಆಯಿತು. 550 ಬಂದರೆ ಫೈಲ್ ಸಿಕ್ಕಿಲ್ಲ, ಇಲ್ಲವೇ ನಿಮಗೆ ಅಧಿಕಾರ ಇಲ್ಲ. ಮತ್ತೆ 500 ಬಂದರೆ ಆ ಸರ್ವರಿನಲ್ಲಿ ಈ ಸೌಲಭ್ಯವೇ ಇಲ್ಲದಿರಬಹುದು. ವಿಂಡೋಸ್ ಸರ್ವರ್‌ಗಳಲ್ಲಿ ಇದು ಮಾಮೂಲು. ಏನೇನಿದೆ ಅಂತ ನೋಡಲು ಮೊದಲು ‘ಫೀಟ್’ (FEAT), ‘ಸೈಟ್ ಹೆಲ್ಪ್’ (SITE HELP) ಹಾಕಿ ನೋಡಿ. ಅವುಗಳಿಂದ ಏನೂ ಕೆಡುವುದಿಲ್ಲ.

‘ಎಲ್‌ಎಸ್’ ಬದಲು ಸರ್ವರಿಗೆ ಗೊತ್ತಿರುವ ಮಾತು ‘ಲಿಸ್ಟ್’. ಅದೂ ಇಲ್ಲಿ ನಡೆಯುವುದಿಲ್ಲ. ಪಟ್ಟಿ ಬರುವುದು ಬೇರೆ ಕನೆಕ್ಷನ್ನಿನಲ್ಲಿ, ಅದನ್ನು ತೆರೆಯುವ ಕೆಲಸ ಫೈಲ್‌ಜಿಲ್ಲಾದ್ದು. ಪಟ್ಟಿ ಬೇಕಿದ್ದರೆ ಸುಮ್ನೆ ಎಫ್5 ಒತ್ತಿ.

ನಿಜ ಹೇಳಬೇಕೆಂದರೆ, ನಿಮಗೆ ಈ ಪೆಟ್ಟಿಗೆಯೇ ಬೇಕಿರಲಿಲ್ಲ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲ್ ಪರ್ಮಿಷನ್ ತೆರೆದು 644 ಕೊಡಿ. ಮೇಲಿನ ಸಂದೇಶಗಳ ಕಿಟಕಿ ನೋಡಿದರೆ ಅದೇ ‘ಸೈಟ್ ಸಿಎಚ್‌ಮಾಡ್’ ಹೋಗಿರುವುದು ಕಾಣುತ್ತದೆ. ಕಮಾಂಡ್ ಕಲಿಯಲು ಆ ಕಿಟಕಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಫೋಟೊಗಳ ಫೋಲ್ಡರಿಗೆ ಮಾತ್ರ ಒಳಗೆ ಹೋಗಲೂ ಬಿಡುವ 755 ಇರಲಿ, 644 ಕೊಟ್ಟರೆ ಒಳಗಿನ ಫೋಟೊಗಳಿಗೂ 403 ಬರುತ್ತದೆ. ಸಿಟ್ಟು ಬಂತೆಂದು 777 ಕೊಡಬೇಡಿ, ಅದು ಯಾರು ಬೇಕಾದರೂ ಬರೆಯಲಿ ಅಂತ ಬಾಗಿಲು ತೆರೆದಿಟ್ಟ ಹಾಗೆ. ನಿಮ್ಮದು ಎಸ್‌ಎಫ್‌ಟಿಪಿ (ಹೆಸರು ಹತ್ತಿರವಾದರೂ ಬೇರೆಯೇ ಮಾತು) ಆಗಿದ್ದರೆ ‘ಸೈಟ್’ ಕಮಾಂಡೇ ಇಲ್ಲ, ರೈಟ್ ಕ್ಲಿಕ್ಕೇ ದಾರಿ.

ಇನ್ನೊಂದು ಮಾತು. ಈ ಪೆಟ್ಟಿಗೆಯಲ್ಲಿ ‘ಡಿಲೀಟ್ ಮಾಡಲೇ?’ ಅಂತ ಕೇಳುವವರಿಲ್ಲ. ಒಮ್ಮೆ ನಾನು ‘ಡಿಇಎಲ್‌ಇ’ ಕಮಾಂಡಿನಲ್ಲಿ ಹಳೆಯ ಬ್ಯಾನರ್ ಬದಲು ಒಬ್ಬರ ಮುಖಪುಟದ ಹೆಸರನ್ನೇ ಹಾಕಿದ್ದೆ. ಸರ್ವರ್ 250 ಅಂದಿತು, ಎಲ್ಲಾ ಸರಿಯಾಗಿದೆ ಅಂತ. ಹತ್ತು ನಿಮಿಷದಲ್ಲಿ ಅವರ ಫೋನ್ ಬಂತು.