ಡೋಸ್ ಹೊಂದಾಣಿಕೆ: ಮೂತ್ರಪಿಂಡ ಸೋತಾಗ ಔಷಧದ ಲೆಕ್ಕ

ನಾವು ಸೇವಿಸುವ ಔಷಧಗಳಲ್ಲಿ ಕೆಲವು ಯಕೃತ್ತಿನಲ್ಲಿ ರೂಪಾಂತರ ಹೊಂದುತ್ತವೆ. ಇನ್ನು ಕೆಲವು ಬಹುಪಾಲು ಇದ್ದಂತೆಯೇ ಮೂತ್ರದಲ್ಲಿ ಹೊರಹೋಗುತ್ತವೆ. ಈ ಎರಡನೆಯ ಬಗೆಯವನ್ನು ಮೂತ್ರಪಿಂಡದ ಸಾಮರ್ಥ್ಯ ಕುಂದಿದವರಿಗೂ ಎಂದಿನ ಪ್ರಮಾಣದಲ್ಲೇ ಕೊಡುತ್ತ ಹೋದರೆ, ಹಿಂದಿನ ಡೋಸ್ ಹೊರಹೋಗುವ ಮೊದಲೇ ಮುಂದಿನದು ಸೇರಿಕೊಂಡು, ಔಷಧವು ರಕ್ತದಲ್ಲಿ ಸಂಗ್ರಹವಾಗುತ್ತದೆ. ಹಾಗಾಗದಂತೆ ಪ್ರಮಾಣವನ್ನು ತಗ್ಗಿಸುವುದು ಅಥವಾ ಡೋಸ್‌ಗಳ ನಡುವಿನ ಅಂತರವನ್ನು ಹೆಚ್ಚಿಸುವುದೇ ಡೋಸ್ ಹೊಂದಾಣಿಕೆ.

ಸಾಮರ್ಥ್ಯ ಎಷ್ಟು ಉಳಿದಿದೆಯೆಂದು ತಿಳಿಯುವುದೇ ಇಲ್ಲಿ ಕಷ್ಟದ ಕೆಲಸ. ಇದಕ್ಕಾಗಿ ರಕ್ತದಲ್ಲಿ ಅಳೆಯುವ, ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದಾದ್ದರಿಂದ, ಸ್ನಾಯು ಕರಗಿದ ವೃದ್ಧರಲ್ಲಿ ಮೂತ್ರಪಿಂಡ ಸೋತಿದ್ದರೂ ಲ್ಯಾಬ್ ವರದಿಯ ಅಂಕಿ ಸಾಧಾರಣವೆಂದೇ ಕಾಣಬಹುದು. 1976ರಲ್ಲಿ ಪ್ರಕಟವಾದ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರವು ವಯಸ್ಸು, ತೂಕ, ಲಿಂಗಗಳನ್ನೂ ಪರಿಗಣಿಸಿ, ಮೂತ್ರಪಿಂಡವು ನಿಮಿಷಕ್ಕೆ ಎಷ್ಟು ರಕ್ತದಿಂದ ಕ್ರಿಯಾಟಿನಿನ್ ತೆಗೆಯುತ್ತದೆಂದು ಅಂದಾಜಿಸುತ್ತದೆ: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು, ಮಹಿಳೆಯರಾದರೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಕ್ರಿಯಾಟಿನಿನ್ ಡೆಸಿಲೀಟರ್‌ಗೆ 1.2 ಮಿ.ಗ್ರಾಂ. ಇರುವ 30 ವರ್ಷದ, 70 ಕೆ.ಜಿ. ತೂಕದ ಪುರುಷನಿಗೆ ಇದು ನಿಮಿಷಕ್ಕೆ ಸುಮಾರು 89 ಮಿ.ಲೀ. ಎಂದು ಬರುತ್ತದೆ, ಅದೇ 1.2 ಇರುವ 75 ವರ್ಷದ, 45 ಕೆ.ಜಿ. ತೂಕದ ಮಹಿಳೆಗೆ ಬರುವುದು ಸುಮಾರು 29 ಮಾತ್ರ. ಮೂತ್ರಪಿಂಡ ಹಠಾತ್ತನೆ ಕೆಟ್ಟಾಗ ಮಾತ್ರ ಈ ಸೂತ್ರವನ್ನು ನಂಬುವಂತಿಲ್ಲ, ಏಕೆಂದರೆ ಹಾನಿಯಾದ ಮೇಲೆ ಕ್ರಿಯಾಟಿನಿನ್ ಏರುವುದಕ್ಕೆ ಸಮಯ ಹಿಡಿಯುತ್ತದೆ.

ಹೊಂದಾಣಿಕೆಯ ಬಗೆ ಔಷಧದಿಂದ ಔಷಧಕ್ಕೆ ಬೇರೆ. ರಕ್ತದಲ್ಲಿ ಒಮ್ಮೆ ಎತ್ತರದ ಮಟ್ಟಕ್ಕೇರಿದಾಗ ಚೆನ್ನಾಗಿ ಕೆಲಸ ಮಾಡುವ ಜೆಂಟಾಮೈಸಿನ್‌ನಂಥ ಪ್ರತಿಜೀವಕಕ್ಕೆ ಅಂತರವನ್ನು ಹಿಗ್ಗಿಸುವುದು ಸೂಕ್ತ. ನರನೋವಿಗೆ ಕೊಡುವ ಗ್ಯಾಬಪೆಂಟಿನ್‌ಗೆ ದಿನದ ಒಟ್ಟು ಪ್ರಮಾಣವನ್ನೇ ಇಳಿಸುತ್ತಾರೆ. ಮಧುಮೇಹದ ಮೆಟ್‌ಫಾರ್ಮಿನ್ ಅನ್ನು ಮೂತ್ರಪಿಂಡದ ಸೋಸುವಿಕೆಯ ಅಂದಾಜು, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿಳಿದರೆ ನಿಲ್ಲಿಸಲಾಗುತ್ತದೆ. ಇನ್ಸುಲಿನ್ ಕೂಡ ಭಾಗಶಃ ಮೂತ್ರಪಿಂಡದಲ್ಲೇ ನಾಶವಾಗುವುದರಿಂದ, ಕಾಯಿಲೆ ಬಲಿತಂತೆ ಕೆಲವರ ಇನ್ಸುಲಿನ್ ಅಗತ್ಯ ಇಳಿಯುತ್ತದೆ. ಇದನ್ನು ಮಧುಮೇಹ ಸುಧಾರಿಸಿದ ಲಕ್ಷಣವೆಂದು ತಿಳಿಯುವವರೂ ಉಂಟು. ಯಕೃತ್ತಿನಲ್ಲಿ ಬದಲಾಗುವ ಔಷಧವೆಂಬ ಮಾತ್ರಕ್ಕೆ ಅದು ನಿರಪಾಯವೆನ್ನಲೂ ಆಗದು: ಮಾರ್ಫಿನ್‌ನಿಂದ ಹುಟ್ಟುವ ಸಕ್ರಿಯ ವಸ್ತು ಮೂತ್ರದಲ್ಲೇ ಹೊರಹೋಗಬೇಕಾದ್ದರಿಂದ, ಅದು ದೇಹದಲ್ಲಿ ಉಳಿದುಕೊಂಡರೆ ಅತಿಯಾದ ಮಂಪರು ಬಂದು ಉಸಿರಾಟ ಕುಗ್ಗಬಹುದು.

ಹೊಂದಾಣಿಕೆಯೆಂದರೆ ಮೊದಲ ಡೋಸ್‌ನಿಂದಲೇ ಕಡಿತವೆಂಬ ತಿಳುವಳಿಕೆ ಸರಿಯಲ್ಲ. ಆರಂಭದ ಡೋಸ್ ಎಷ್ಟಿರಬೇಕೆಂಬುದು ಔಷಧವು ದೇಹದಲ್ಲಿ ಎಷ್ಟು ವ್ಯಾಪಿಸುತ್ತದೆ ಎಂಬುದನ್ನು ಅವಲಂಬಿಸಿದೆಯೇ ಹೊರತು ಎಷ್ಟು ಬೇಗ ಹೊರಹೋಗುತ್ತದೆ ಎಂಬುದನ್ನಲ್ಲ. ತೀವ್ರ ಸೋಂಕಿನಲ್ಲಿ ಅದನ್ನು ತಗ್ಗಿಸಿದರೆ ಚಿಕಿತ್ಸೆಯೇ ತಡವಾದೀತು. ಹೃದಯದ ಔಷಧವಾದ ಡಿಗಾಕ್ಸಿನ್ ಇದಕ್ಕೆ ಅಪವಾದ: ಮೂತ್ರಪಿಂಡ ತೀರಾ ಸೋತವರಲ್ಲಿ ಅದು ವ್ಯಾಪಿಸುವ ಮಿತಿಯೇ ಕುಗ್ಗುವುದರಿಂದ ಮೊದಲ ಡೋಸನ್ನೂ ಇಳಿಸುತ್ತಾರೆ. ಡಯಾಲಿಸಿಸ್ ನಡೆಯುತ್ತಿರುವವರ ಲೆಕ್ಕ ಮತ್ತೂ ಬೇರೆ. ಯಂತ್ರವೇ ಸೋಸಿ ತೆಗೆಯುವಂಥ ಔಷಧವನ್ನು ಸಾಮಾನ್ಯವಾಗಿ ಡಯಾಲಿಸಿಸ್ ಮುಗಿದ ಮೇಲೆ ಕೊಡಲಾಗುತ್ತದೆ.